ಬಂಡಿದಾರಿ ಇದ್ದ ಕಡೆ ಗೋಡೆ ಬಂದದ್ದು ಹೇಗೆ: ಹೊಸೂರಿನ ಲೇಔಟು ಬೀದಿಗಳ ಹಿನ್ನೆಲೆ

ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಬಾಗಲೂರು ರಸ್ತೆ ಕಡೆ ನಾವಿರುವ ಬೀದಿ ನೇರವಾಗಿ ಹೋಗಿ ಒಂದು ಗೋಡೆಯ ಮುಂದೆ ನಿಂತುಬಿಡುತ್ತದೆ. ಆಳೆತ್ತರದ ಹಾಲೋಬ್ಲಾಕ್ ಗೋಡೆ, ಗಾರೆ ಬಳಿದಿಲ್ಲ. ಆಚೆಗೆ ಇನ್ನೊಂದು ಲೇಔಟು, ಅದರ ಬೀದಿಯೂ ಅದೇ ಗೋಡೆಗೆ ಬಂದು ಮುಗಿಯುತ್ತದೆ. ಆಚೆ ಮನೆಯ ಕುಕ್ಕರ್ ಕೂಗಿದರೆ ನಮಗೆ ಕೇಳುತ್ತದೆ. ಆ ಮನೆಗೆ ಹೋಗಬೇಕೆಂದರೆ ಮಾತ್ರ ಮೇನ್ ರೋಡಿಗೆ ಬಂದು ಎರಡು ಕಿಲೋಮೀಟರ್ ಸುತ್ತಬೇಕು. ಹೋದ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಒಳಗೆ ಬಂತು, ತಿರುಗಿಸಲು ಜಾಗವಿಲ್ಲದೆ ಬೀದಿಯುದ್ದಕ್ಕೂ ರಿವರ್ಸಿನಲ್ಲೇ ಹೋಯಿತು. ಕ್ಲೀನರ್ ಹುಡುಗ ಹಿಂದೆ ಕೈಬೀಸುತ್ತಾ ನಡೆದ. ಆಡುತ್ತಿದ್ದ ಮಕ್ಕಳನ್ನು ನಾವೆಲ್ಲ ಗೇಟಿನೊಳಗೆ ಎಳೆದುಕೊಂಡೆವು. ಅದು ಆಂಬುಲೆನ್ಸ್ ಆಗಿದ್ದರೆ, ಬೆಂಕಿ ಆರಿಸುವ ಗಾಡಿಯಾಗಿದ್ದರೆ ಎಂಬ ಯೋಚನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಜಾಗ ಮೊದಲು ರಾಗಿ, ಹುರುಳಿ ಬೆಳೆಯುವ ಹೊಲ. ಸರ್ವೆ ನಂಬರಿನ ಎಫ್‌ಎಂಬಿ ಸ್ಕೆಚ್, ಅಂದರೆ ಸರ್ಕಾರಿ ಸರ್ವೆಯ ಹೊಲದ ಅಳತೆ ನಕ್ಷೆ, ತೆಗೆಸಿ ನೋಡಿದಾಗ, ಈಗ ಗೋಡೆ ಇರುವ ಕಡೆಯೇ ಎರಡು ಗೆರೆ ಜೊತೆಜೊತೆಗೆ ಎಳೆದು ‘ವಂಡಿಪ್ಪಾದೈ’ ಎಂದು ಬರೆದಿತ್ತು. ಎಂದರೆ ಬಂಡಿದಾರಿ. ಊರಿನಿಂದ ಹೊಲಕ್ಕೆ, ಹೊಲದಿಂದ ಕೆರೆಗೆ ಹೋಗುತ್ತಿದ್ದ ದಾರಿ. ನಮ್ಮ ಕಡೆಯ ಬಹಳ ಜನ ಮನೆಯಲ್ಲಿ ಕನ್ನಡ ಆಡುವವರು, ಕನ್ನಡ ಶಾಲೆಯಲ್ಲೇ ಕಲಿತವರು. ಪತ್ರ, ಪಟ್ಟಾ, ನಕ್ಷೆ ಎಲ್ಲವೂ ತಮಿಳಿನಲ್ಲಿ. ಆ ಒಂದು ಪದ ಓದಲು ಬಾರದೆ ಸೈಟು ಕೊಂಡವರು ಎಷ್ಟೋ ಮಂದಿ. ಹಳೆಯ ರೈತರು ಯಾವ ಕಾನೂನೂ ಇಲ್ಲದ ಕಾಲದಲ್ಲಿ ಒಂದು ಹೊಲದ ದಾರಿಯನ್ನು ಇನ್ನೊಂದು ಹೊಲಕ್ಕೆ ಸೇರಿಸಿಟ್ಟಿದ್ದರು. ಕಾನೂನು ಬಂದ ಮೇಲೆ ಆ ಸೇರುವೆ ಕಡಿದುಹೋಯಿತು. ನನಗೆ ಅತ್ಯಂತ ನೋವಾಗುವುದು ಇಲ್ಲಿಯೇ.

ಬೀದಿಯನ್ನು ಮೊದಲು ಎಳೆದು ಆಮೇಲೆ ಮನೆ ಕಟ್ಟುವ ಕ್ರಮ ನಮ್ಮ ಭಾಗಕ್ಕೆ ಹೊಸತೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹೀಗೇ: ಅಗಲದ ಅಡ್ಡರಸ್ತೆಗಳು, ಗಾಳಿ ಬೆಳಕು, ಮನೆಗಳ ಹಿಂದೆ ಕಸ, ಹೊಲಸು ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. 1915ರಲ್ಲಿ ಬೊಂಬಾಯಿ, 1920ರಲ್ಲಿ ಮದ್ರಾಸು ನಗರ ಯೋಜನೆಗೆಂದೇ ಕಾಯ್ದೆ ಮಾಡಿದವು. ಹೊಸೂರು ಆಗ ಸೇಲಂ ಜಿಲ್ಲೆಯ ತಾಲೂಕು, ಹಾಗಾಗಿ ಮದ್ರಾಸಿನ ಕಾಯ್ದೆ ಇಲ್ಲಿಯದೂ ಹೌದು. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ದೊಡ್ಡ ಪಟ್ಟಣಗಳು. ಹೊಲ ಸೈಟಾಗುವ ದಿನ ಬರುತ್ತದೆಂದು ಅವರು ಎಣಿಸಿರಲಿಲ್ಲ.

ಅದರ ಜಾಗಕ್ಕೆ ಬಂದ ತಮಿಳುನಾಡಿನ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ 1971ರದ್ದು. ಅದೇ ದಶಕದಲ್ಲಿ ಹೊಸೂರಿಗೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಬೆನ್ನಿಗೇ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್. ಕೆಲಸಕ್ಕೆ ಬಂದವರಿಗೆ ಮನೆ ಬೇಕಾಯಿತು. ಆಮೇಲೆ ಬೆಂಗಳೂರು ಅತ್ತಿಬೆಲೆ ದಾಟಿ ಬೆಳೆಯತೊಡಗಿದಾಗ, ಅಲ್ಲಿ ಸೈಟು ಕೊಳ್ಳಲಾಗದವರೂ ಗಡಿ ದಾಟಿ ಈ ಕಡೆ ನೋಡಿದರು. ಜೂಜುವಾಡಿ, ಮತ್ತಿಗಿರಿ, ಬಾಗಲೂರು ಕಡೆಯೆಲ್ಲ ಸುಣ್ಣ ಬಳಿದ ಕಲ್ಲುಗಳು ಎದ್ದವು.

ನಗರ ಯೋಜನಾ ಇಲಾಖೆಯ, ಅಂದರೆ ಡಿಟಿಸಿಪಿಯ ಅಪ್ರೂವಲ್ ಪಡೆಯಬೇಕಾದರೆ ರಸ್ತೆಗೆ, ಪಾರ್ಕಿಗೆ ಜಾಗ ಬಿಡಬೇಕು, ಕಾಲ ಹಿಡಿಯುತ್ತದೆ. ಅದನ್ನು ತಪ್ಪಿಸಲು ಹುಟ್ಟಿಕೊಂಡದ್ದು ‘ಪಂಚಾಯತ್ ಅಪ್ರೂವಲ್’ ಎಂಬ ಮಾತು. ಅಧ್ಯಕ್ಷರ ಸೀಲು ಬಿದ್ದ ಒಂದು ನಕ್ಷೆ, ಅದರ ಜೆರಾಕ್ಸು, ಅಷ್ಟೇ. ಲೇಔಟಿಗೆ ಒಪ್ಪಿಗೆ ಕೊಡುವ ಅಧಿಕಾರ ಆ ಸೀಲಿಗೆ ಇರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಸೈಟು ತಡೆಯಿಲ್ಲದೆ ನೋಂದಣಿಯಾಗುತ್ತಿತ್ತು, ಹಾಗಾಗಿ ಜನ ನಂಬಿದರು. ಕರ್ನಾಟಕದ ಓದುಗರಿಗೆ ರೆವಿನ್ಯೂ ಸೈಟಿನ ಕಥೆ ಹೇಳಿದರೆ ಇದು ತಾನಾಗಿ ಅರ್ಥವಾಗುತ್ತದೆ.

ನನ್ನ ನಕ್ಷೆಯ ಜೆರಾಕ್ಸಿನಲ್ಲಿ ‘30 ಅಡಿ ರಸ್ತೆ’ ಎಂದಿದೆ. ಟೇಪು ಹಿಡಿದು ಅಳೆದೆ. ಗೇಟಿನ ಮುಂದಿನ ರ‍್ಯಾಂಪು, ಮೆಟ್ಟಿಲು, ಸಂಪಿನ ಮುಚ್ಚಳ ಕಳೆದು ಗಾಡಿ ಓಡಾಡಲು ಉಳಿದದ್ದು 19 ಅಡಿ. ಈ ತಪ್ಪಿನಲ್ಲಿ ನಮ್ಮೆಲ್ಲರ ಪಾಲೂ ಇದೆ, ನನ್ನ ಮನೆಯ ರ‍್ಯಾಂಪೂ ಅಳತೆಗೆ ಸಿಕ್ಕಿತು.

2016ರ ಸೆಪ್ಟೆಂಬರ್ 9ರಂದು ಮದ್ರಾಸ್ ಹೈಕೋರ್ಟು ಅಪ್ರೂವಲ್ ಇಲ್ಲದ ಸೈಟುಗಳ ನೋಂದಣಿಗೆ ತಡೆ ಹಾಕಿತು. ಕೃಷಿ ಭೂಮಿ ಹೀಗೆ ಮನಬಂದಂತೆ ತುಂಡಾಗುವುದರ ವಿರುದ್ಧ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಂದ ಆದೇಶ ಅದು. ಮಗಳ ಮದುವೆಗೆಂದು, ಆಸ್ಪತ್ರೆ ಖರ್ಚಿಗೆಂದು ಸೈಟು ಮಾರಲು ಹೊರಟವರು ತಿಂಗಳುಗಟ್ಟಲೆ ಕೈಕಟ್ಟಿ ಕೂರಬೇಕಾಯಿತು. ಆದರೂ ಆ ಆದೇಶ ಬರದೇ ಹೋಗಿದ್ದರೆ ಇಷ್ಟು ಹೊತ್ತಿಗೆ ಕೆರೆಯಂಗಳವೂ ಉಳಿಯುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

2017ರ ಮೇ ತಿಂಗಳಲ್ಲಿ ಸರ್ಕಾರ ಸಕ್ರಮದ ನಿಯಮ ತಂದಿತು. 2016ರ ಅಕ್ಟೋಬರ್ 20ಕ್ಕೆ ಮೊದಲು ಮಾರಾಟವಾದ ಸೈಟುಗಳಿಗೆ ಶುಲ್ಕ ಕಟ್ಟಿಸಿಕೊಂಡು ಒಪ್ಪಿಗೆ. ಕೆರೆ, ಕಾಲುವೆ, ಸರ್ಕಾರಿ ಜಾಗದಲ್ಲಿದ್ದವಕ್ಕೆ ಇಲ್ಲ. ನಮ್ಮದೂ ಹೀಗೇ ಸಕ್ರಮವಾಯಿತು. ಹೊಸದಾಗಿ ಬೀದಿ ಎಳೆಯಲು ಜಾಗವಾದರೂ ಎಲ್ಲಿತ್ತು? ನೆಲದ ಮೇಲೆ ಇದ್ದ ರಸ್ತೆಯೇ ಕಾಗದದ ಮೇಲೂ ಉಳಿಯಿತು. ಕಾಗದ ಸರಿಹೋಯಿತು, ಬೀದಿ ಸರಿಹೋಗಲಿಲ್ಲ.

2019ರಲ್ಲಿ ಬಂದ ತಮಿಳುನಾಡು ಏಕೀಕೃತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು ಹೊಸ ಲೇಔಟುಗಳ ಮಟ್ಟಿಗೆ ಬಹಳ ವಾಸಿ. ಬೀದಿ ಉದ್ದವಾದಷ್ಟೂ ಅಗಲ ಹೆಚ್ಚಬೇಕು. ಗಾಡಿ ತಿರುಗಿಸುವವನಿಗೆ ಎದುರಿನದು ಕಾಣಲೆಂದು ಮೂಲೆ ಸೈಟಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ ಬಿಡಬೇಕು. 10,000 ಚದರ ಮೀಟರಿಗಿಂತ ದೊಡ್ಡ ಲೇಔಟಾದರೆ, ರಸ್ತೆ ಕಳೆದು ಉಳಿದದ್ದರ ನೂರಕ್ಕೆ 10 ಭಾಗ ಬಯಲು ಜಾಗವನ್ನು ಸ್ಥಳೀಯ ಸಂಸ್ಥೆಗೆ ದಾನಪತ್ರ ಬರೆದುಕೊಡಲೇಬೇಕು. 3,000ದಿಂದ 10,000 ಚದರ ಮೀಟರಿನವರು ಜಾಗದ ಬದಲು ಸರ್ಕಾರಿ ದರದಲ್ಲಿ ಹಣ ಕಟ್ಟಬಹುದು. ಆ ಹಣದ ದಾರಿ ನನಗೆ ಒಪ್ಪಿಗೆಯಿಲ್ಲ. ಕಟ್ಟಿದ ಹಣದ ಮೇಲೆ ಮಗು ಆಡುವುದಿಲ್ಲ. 3,000ಕ್ಕಿಂತ ಚಿಕ್ಕದಕ್ಕೆ ಅದೂ ಇಲ್ಲ, ಹಾಗಾಗಿ ಎಕರೆಯನ್ನು ತುಂಡು ಮಾಡಿ ತರುವ ಆಸೆ ಹುಟ್ಟುತ್ತದೆ. ಹಾಗೆ ತುಂಡು ತುಂಡಾಗಿ ಬಂದ ಲೇಔಟುಗಳ ಬೀದಿಗಳೇ ಒಂದನ್ನೊಂದು ಸೇರದೆ ಉಳಿಯುವುದು.

ರಸ್ತೆಗೂ ದಾನಪತ್ರ ಬೇಕು. ಅದು ನೋಂದಣಿಯಾದ ದಿನವೇ ರಸ್ತೆ ಸಾರ್ವಜನಿಕರದ್ದು. ಆಮೇಲೆ ಅದಕ್ಕೆ ಅಡ್ಡ ಗೋಡೆ ಕಟ್ಟುವ ಹಕ್ಕು ಲೇಔಟು ಮಾಡಿದವನಿಗೂ ಇಲ್ಲ, ಸೈಟು ಕೊಂಡವನಿಗೂ ಇಲ್ಲ. ಇಷ್ಟು ತಿಳಿದ ಮೇಲೆ ನಮ್ಮ ಲೇಔಟಿನ ದಾನಪತ್ರದ ನಕಲಿಗೆ ಅರ್ಜಿ ಹಾಕಿದೆ. ಸಿಕ್ಕಿತು. ತಮಿಳು ಚೆನ್ನಾಗಿ ಬಲ್ಲ ಪಕ್ಕದ ಮನೆಯ ಅಣ್ಣನವರನ್ನು ಕೂರಿಸಿಕೊಂಡು ಚೆಕ್ಕುಬಂದಿ ಸಾಲು ಸಾಲಾಗಿ ಓದಿಸಿದೆ. ಬೀದಿಯ ಅಗಲ ಸರಿಯಾಗಿತ್ತು. ಉದ್ದದ ಹತ್ತಿರ ಅವರು ನಿಂತರು, ಮತ್ತೊಮ್ಮೆ ಓದಿದರು. ದಾನ ಕೊಟ್ಟ ರಸ್ತೆ ಸರ್ವೆ ನಂಬರಿನ ಗಡಿಗೆ ಒಂದು ಅಡಿ ಇರುವಾಗಲೇ ಮುಗಿದಿತ್ತು. ಆ ಒಂದಡಿ ಪಟ್ಟಿ ಇವತ್ತಿಗೂ ಲೇಔಟು ಮಾಡಿದ ಪ್ರಮೋಟರ್ ಹೆಸರಿನಲ್ಲಿದೆ, ಗೋಡೆ ನಿಂತಿರುವುದು ಅದರ ಮೇಲೆಯೇ. ಎಫ್‌ಎಂಬಿ ಸ್ಕೆಚ್ಚಿನಲ್ಲಿ ಬಂಡಿದಾರಿ ಇರುವುದೂ ಅಲ್ಲಿಯೇ. ಎರಡೂ ಕಾಗದಗಳನ್ನು ಜೋಡಿಸಿ, ಗೋಡೆಯ ಎರಡೂ ಕಡೆಯವರ ಸಹಿ ಹಾಕಿಸಿ ಮನವಿ ಕೊಟ್ಟಿದ್ದೇವೆ. ಆಚೆ ಕಡೆಯ ಸಹಿಗಾಗಿ ನಾನು ಎರಡು ಕಿಲೋಮೀಟರ್ ಸುತ್ತಿಕೊಂಡು ಹೋಗಿದ್ದೆ.