ಹಳಿ ಕಿತ್ತರೂ ಜಾಗ ಮಾರಬಾರದಿತ್ತು

ಆಕ್ಸ್‌ಫರ್ಡ್‌ನಿಂದ ಕೇಂಬ್ರಿಡ್ಜ್‌ಗೆ ರೈಲಿನಲ್ಲಿ ಹೋಗುವವರು ಸಾಮಾನ್ಯವಾಗಿ ಲಂಡನ್ ಸುತ್ತಿ ಹೋಗುತ್ತಾರೆ. ಪ್ಯಾಡಿಂಗ್ಟನ್‌ನಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು ಮೆಟ್ರೋ ಹತ್ತಿ, ಕಿಂಗ್ಸ್ ಕ್ರಾಸ್‌ನಲ್ಲಿ ಮತ್ತೊಂದು ರೈಲು ಹಿಡಿಯಬೇಕು. ನೇರವಾಗಿ ಅಳೆದರೆ ಎರಡೂ ಊರಿನ ನಡುವೆ ಇರುವುದು ನೂರು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಹಿಂದೆ ನೇರ ರೈಲು ಇತ್ತು. ಬ್ಲೆಚ್ಲಿ, ಬೆಡ್‌ಫರ್ಡ್, ಸ್ಯಾಂಡಿ ದಾಟಿ ಹೋಗುತ್ತಿತ್ತು. 1967ರ ಕೊನೆಗೆ ಅದನ್ನು ನಿಲ್ಲಿಸಿದರು. ಬ್ಲೆಚ್ಲಿ–ಬೆಡ್‌ಫರ್ಡ್ ತುಂಡು ಮಾತ್ರ ಉಳಿಯಿತು. ಅದೇ ವರ್ಷ, ಅದೇ ದಾರಿಯ ನಡುವೆ, ಮಿಲ್ಟನ್ ಕೀನ್ಸ್ ಅನ್ನೋ ಹೊಸ ಊರಿಗೆ ಸರ್ಕಾರ ಜಾಗ ಗುರುತಿಸಿತ್ತು. ಸಾರಿಗೆ ಯೋಜನೆಯ ಕೆಲಸ ಮಾಡುವ ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ಈಸ್ಟ್ ವೆಸ್ಟ್ ರೈಲ್ ಹೆಸರಿನಲ್ಲಿ ಆ ದಾರಿಯನ್ನು ಮತ್ತೆ ಕಟ್ಟುತ್ತಿದ್ದಾರೆ. ಹಳೇ ನಕ್ಷೆಯ ಮೇಲೆ ಹೊಸದನ್ನು ಇಟ್ಟು ನೋಡಿ. ಪಶ್ಚಿಮದಲ್ಲಿ, ಬೈಸ್ಟರ್–ಬ್ಲೆಚ್ಲಿ ನಡುವೆ, ಎರಡು ಗೆರೆಗಳೂ ಒಂದೇ. ಅಲ್ಲಿ ಹಳಿಯ ಮೇಲೆ ಗಿಡಗಂಟಿ ಬೆಳೆದಿತ್ತು, ಆದರೆ ಜಾಗ ರೈಲ್ವೆ ಕೈಯಲ್ಲೇ ಇತ್ತು. ಬ್ಲೆಚ್ಲಿಯ ಮೇಲುಸೇತುವೆಯ ಒಂದು ಭಾಗವನ್ನು ಕೆಡವಿ ಹೊಸದಾಗಿ ಕಟ್ಟಬೇಕಾಯಿತು, ನಿಜ. ಆದರೂ ದಾರಿ ಯಾವುದು ಅಂತ ಹುಡುಕುವ ಕೆಲಸ ಇರಲಿಲ್ಲ.

ಪೂರ್ವದಲ್ಲಿ ಹಾಗಲ್ಲ. ಕೇಂಬ್ರಿಡ್ಜ್ ಹತ್ತಿರದ ಲಾರ್ಡ್ಸ್ ಬ್ರಿಡ್ಜ್‌ನಲ್ಲಿ ಹಳೇ ಹಳಿದಾರಿ ನೆಟ್ಟಗೆ ಪೂರ್ವ–ಪಶ್ಚಿಮಕ್ಕೆ ಚಾಚಿತ್ತು. ಖಗೋಳ ವಿಜ್ಞಾನಿಗಳಿಗೆ ಬೇಕಾಗಿದ್ದೂ ಅಂಥದ್ದೇ ಜಾಗ. ಅಲ್ಲಿ ಎಂಟು ದೊಡ್ಡ ರೇಡಿಯೊ ಡಿಶ್‌ಗಳನ್ನು ನಿಲ್ಲಿಸಿದರು. ಅವುಗಳಲ್ಲಿ ನಾಲ್ಕು ಹಳಿಯ ಮೇಲೆಯೇ ಅತ್ತಿಂದಿತ್ತ ಸರಿಯುವಂಥವು. ಟ್ರಂಪಿಂಗ್ಟನ್‌ನಿಂದ ಊರೊಳಗೆ ಹೋಗುವ ತುಂಡಿನಲ್ಲಿ 2011ರಿಂದ ಬಸ್ ಓಡುತ್ತಿದೆ. ಇನ್ನು ಕೆಲವು ಕಡೆ ಮನೆಗಳೇ ಎದ್ದಿವೆ. ಇವನ್ನೆಲ್ಲ ಕೆಡವಿ ಅಂತ ಯಾರಿಗೆ ಹೇಳೋದು?

ಹಾಗಾಗಿ ಬೆಡ್‌ಫರ್ಡ್‌ನಿಂದ ಆಚೆ ಹೊಸ ದಾರಿಯನ್ನೇ ಹುಡುಕಬೇಕಾಯಿತು. ಸಮೀಕ್ಷೆ, ಭೂಸ್ವಾಧೀನ, ಜನರ ವಿರೋಧ, ಎಲ್ಲ ಸೊನ್ನೆಯಿಂದ ಶುರು. ಮಾರ್ಗ ಮುಚ್ಚುವಾಗ ಯಾರೂ ಬರೆದಿಡದ ಖರ್ಚು ಇದು. ನನ್ನ ಪ್ರಕಾರ ಹಳಿ, ಸಿಗ್ನಲ್‌ಗಳಿಗಿಂತ ದೊಡ್ಡ ನಷ್ಟ ಇದೇ.

ಹೊಸ ಗೆರೆಯಿಂದ ಒಂದು ಒಳ್ಳೆಯದೂ ಆಗುತ್ತದೆ ಅನ್ನಲೇಬೇಕು. 1990ರ ದಶಕದ ಕೊನೆಗೆ ತಲೆಯೆತ್ತಿದ ಕ್ಯಾಂಬೋರ್ನ್ ಅನ್ನೋ ಹೊಸ ಊರಿಗೆ ಈವರೆಗೆ ರೈಲೇ ಇಲ್ಲ. 2023ರಲ್ಲಿ ಆರಿಸಿದ ಮಾರ್ಗ ಟೆಂಪ್ಸ್‌ಫರ್ಡ್ ದಾಟಿ ಆ ಊರಿನ ಮೂಲಕವೇ ಹೋಗುತ್ತದೆ.