ಗಿಟ್‌ಗೆ ನೆನಪಿರದ ಮೂರು ಅಂಕಿ

ಎಷ್ಟೋ ಲಿನಕ್ಸ್ ಸರ್ವರ್‌ಗಳ ಸೆಟ್ಟಿಂಗ್ ಫೈಲುಗಳಿರುವ ಎಟ್ಸಿ (/etc) ಡೈರೆಕ್ಟರಿಯಲ್ಲಿ ಒಂದೇ ಕಾನ್ಫಿಗ್ ಫೈಲಿನ ಪಕ್ಕ ಡಾಟ್ ಬ್ಯಾಕ್, ಡಾಟ್ ಓಲ್ಡ್, ಡಾಟ್ ಓಲ್ಡ್2 ಎಂಬ ಹಳೆಯ ಪ್ರತಿಗಳು ಸಾಲುಗಟ್ಟಿರುತ್ತವೆ. ಯಾವುದನ್ನು ಯಾಕೆ ಬದಲಿಸಿದ್ದು ಎಂಬುದು ಆ ಹೆಸರುಗಳಿಂದ ತಿಳಿಯದು. ಇದಕ್ಕೆ ಬೇಸತ್ತವರು ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಗಿಟ್ ಅನ್ನು ನಂಬಿ, ಎಟ್ಸಿಯಲ್ಲೇ ‘ಗಿಟ್ ಇನಿಟ್’ ಕೊಟ್ಟು, ಇನ್ನು ಚಿಂತೆಯಿಲ್ಲ ಅಂದುಕೊಳ್ಳುತ್ತಾರೆ. ಚಿಂತೆ ಶುರುವಾಗುವುದೇ ಅಲ್ಲಿಂದ.

ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆದದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್‌ಗಾಗಿ. ಕೋಡನ್ನು ಯಾರು ಇಳಿಸಿಕೊಂಡರೆ ಅವರೇ ಆ ಫೈಲುಗಳ ಒಡೆಯರು. ಒಡೆತನವನ್ನು ದಾಖಲಿಸುವ ಅಗತ್ಯವೇ ಇರಲಿಲ್ಲ. ಅನುಮತಿಯಲ್ಲೂ ಗಿಟ್ ನೋಡುವುದು ಒಂದನ್ನೇ: ಫೈಲನ್ನು ರನ್ ಮಾಡಬಹುದಾದರೆ 755, ಇಲ್ಲದಿದ್ದರೆ 644. (ಮೂರು ಅಂಕಿ ಕ್ರಮವಾಗಿ ಒಡೆಯ, ಗುಂಪು, ಉಳಿದವರ ಹಕ್ಕು. ಓದಲು 4, ಬರೆಯಲು 2, ರನ್ ಮಾಡಲು 1, ಇವುಗಳ ಮೊತ್ತವೇ ಆ ಅಂಕಿ.) ಪಹಣಿಯಲ್ಲಿ ಬೆಳೆ ಬರೆದು ಹಿಡುವಳಿದಾರನ ಹೆಸರು ಬಿಟ್ಟ ಹಾಗೆ.

ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್‌ಗಳಿರುವ (ಪಾಸ್‌ವರ್ಡ್‌ಗಳ ಗೂಢರೂಪ) ಶ್ಯಾಡೋ ಫೈಲಿನ ಅನುಮತಿ 640. ಒಡೆಯ ರೂಟ್ (ಸರ್ವರ್‌ನ ಪೂರ್ಣಾಧಿಕಾರದ ಖಾತೆ), ಗುಂಪು ಶ್ಯಾಡೋ. ಹಳೆಯ ಆವೃತ್ತಿಯನ್ನು ರೂಟ್ ಆಗಿ ‘ಗಿಟ್ ಚೆಕ್ಔಟ್’ ಮಾಡಿದರೆ, ಯುಮಾಸ್ಕ್ (ಹೊಸ ಫೈಲಿಗೆ ಕೊಡದೆ ತಡೆಹಿಡಿಯುವ ಅನುಮತಿ) 022 ಇದ್ದಲ್ಲಿ, ಅದು 644 ಆಗಿ ಮರಳುತ್ತದೆ. ಅಂದರೆ ಯಾವ ಬಳಕೆದಾರ ಬೇಕಾದರೂ ಓದಬಹುದು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಹೋಸ್ಟ್ ಕೀ (ಸರ್ವರ್‌ನ ಗುರುತಿನ ಗುಟ್ಟಿನ ಫೈಲು) 600 ಇದ್ದದ್ದು 644 ಆದರೆ, ಆ ಸೇವೆ ನಡೆಸುವ ಎಸ್‌ಎಸ್‌ಎಚ್‌ಡಿ ಅದನ್ನು ಮುಟ್ಟುವುದೇ ಇಲ್ಲ. ಎಲ್ಲ ಕೀಗಳಿಗೂ ಹೀಗಾದರೆ ಸೇವೆಯೇ ಏಳುವುದಿಲ್ಲ, ದೂರದ ಸರ್ವರ್‌ಗೆ ದಾರಿ ಮುಚ್ಚಿತು. ಇನ್ನೂ ಕೆಟ್ಟದ್ದೆಂದರೆ, ಚೆಕ್ಔಟ್ ಮಾಡದಿದ್ದರೂ ಮೊದಲ ಕಮಿಟ್‌ನಲ್ಲೇ (ಗಿಟ್‌ಗೆ ದಾಖಲಿಸಿದಾಗಲೇ) ಗುಟ್ಟು ಸೋರಿರುತ್ತದೆ: ಗಿಟ್ ತನ್ನ ದಾಖಲೆ ಇಡುವ ಡಾಟ್ ಗಿಟ್ ಡೈರೆಕ್ಟರಿ ಸಾಮಾನ್ಯವಾಗಿ 755, ಅದರೊಳಗಿನ ಆಬ್ಜೆಕ್ಟ್‌ಗಳು (ಫೈಲುಗಳ ಪ್ರತಿಗಳು) 444. ಶ್ಯಾಡೋದ ಪ್ರತಿ ಅಲ್ಲೇ ಬಯಲಿಗೆ ಬಿದ್ದಿರುತ್ತದೆ.

ಜೋಯಿ ಹೆಸ್ ಬರೆದ ಎಟ್ಸಿಕೀಪರ್ ಎಂಬ ಸಾಧನ ತುಂಬುವುದು ಈ ಕೊರತೆಯನ್ನೇ. ಡಾಟ್ ಗಿಟ್‌ಗೆ 700 ಹಾಕುತ್ತದೆ. ಪ್ರತಿ ಕಮಿಟ್‌ಗೂ ಮೊದಲು ಒಡೆತನ, ಅನುಮತಿ, ಖಾಲಿ ಡೈರೆಕ್ಟರಿಗಳ ವಿವರವನ್ನು ಡಾಟ್ ಎಟ್ಸಿಕೀಪರ್ ಎಂಬ ಫೈಲಿಗೆ ಬರೆಯುತ್ತದೆ. ಆ ಫೈಲೂ ಕಮಿಟ್‌ನೊಳಗೆ ಸೇರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ‘ಆಪ್ಟ್ ಇನ್‌ಸ್ಟಾಲ್ ಎಟ್ಸಿಕೀಪರ್’ ಸಾಕು, ಆಮೇಲೆ ಪ್ಯಾಕೇಜ್ ಹಾಕುವ ಮುಂಚೆ ಮತ್ತು ನಂತರ ತಾನೇ ಕಮಿಟ್ ಮಾಡುತ್ತದೆ. ಕೈಯಾರೆ ತಿದ್ದಿದಾಗ ಮಾತ್ರ ‘ಎಟ್ಸಿಕೀಪರ್ ಕಮಿಟ್’ ಕೊಟ್ಟು ಕಾರಣ ಬರೆಯಿರಿ. ‘ಪೋರ್ಟ್ ಬದಲಿಸಿದೆ’ ಅಂತಲ್ಲ, ಅದು ಡಿಫ್‌ನಲ್ಲೇ (ಎರಡು ಆವೃತ್ತಿಗಳ ವ್ಯತ್ಯಾಸದಲ್ಲೇ) ಕಾಣುತ್ತದೆ. ಯಾಕೆ ಬದಲಿಸಿದಿರಿ ಎಂಬುದು ಬೇಕು.

ಹಳೆಯ ಫೈಲನ್ನು ಮರಳಿ ತಂದ ಮೇಲೆ ‘ಎಟ್ಸಿಕೀಪರ್ ಇನಿಟ್’ ಇನ್ನೊಮ್ಮೆ ಓಡಿಸಿ, ಅನುಮತಿಗಳು ಸರಿಹೋಗುತ್ತವೆ. ಎಸ್‌ಎಸ್‌ಎಚ್ ಆಗಿದ್ದರೆ ರೀಸ್ಟಾರ್ಟ್‌ಗೆ ಮುಂಚೆ ‘ಎಸ್‌ಎಸ್‌ಎಚ್‌ಡಿ -ಟಿ’ ಕೊಟ್ಟು ಕಾನ್ಫಿಗ್, ಕೀಗಳು ಸರಿಯೇ ನೋಡಿ.

ಈ ರೆಪೊಸಿಟರಿಯನ್ನು (ಗಿಟ್ ಇಟ್ಟ ಈ ಇಡೀ ಇತಿಹಾಸವನ್ನು) ಸಾರ್ವಜನಿಕ ಜಾಗಕ್ಕೆ ಎಂದೂ ಪುಶ್ ಮಾಡಬೇಡಿ. ಮಾಡಿಬಿಟ್ಟಿದ್ದರೆ, ಶ್ಯಾಡೋವನ್ನು ಹೊಸ ಕಮಿಟ್‌ನಲ್ಲಿ ಅಳಿಸಿ ಪ್ರಯೋಜನವಿಲ್ಲ, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇರುತ್ತದೆ. ಅದರಲ್ಲಿದ್ದ ಎಲ್ಲ ಪಾಸ್‌ವರ್ಡ್, ಎಲ್ಲ ಕೀಗಳನ್ನು ಅಂದೇ ಬದಲಿಸಿ.