ಕಾರವಾರದ ದಡದಿಂದ ರೇಡಿಯೊ ಎಷ್ಟು ದೂರ ಹೋಗುತ್ತದೆ?

ಹವ್ಯಾಸಿಗಳು ಪರಸ್ಪರ ಮಾತಾಡಲು ಬಳಸುವ ಹ್ಯಾಮ್ ರೇಡಿಯೊ ಸೆಟ್ಟನ್ನು ಕಂಡವರು ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಮೊದಲು ಕೇಳುವ ಪ್ರಶ್ನೆ ಒಂದೇ: ‘ಇದು ಎಷ್ಟು ಕಿಲೋಮೀಟರ್ ಹೋಗುತ್ತದೆ?’ ವಾಟ್ ಹೆಚ್ಚಿದಷ್ಟೂ ದೂರ ಹೆಚ್ಚುತ್ತದೆ, ಆಂಟೆನಾ ಮೇಲೇರಿದಷ್ಟೂ ದೂರ ಹೆಚ್ಚುತ್ತದೆ ಎಂಬ ಎರಡು ನಂಬಿಕೆಗಳು ಈ ಪ್ರಶ್ನೆಯ ಬೆನ್ನಿಗಿರುತ್ತವೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಅಡೆತಡೆಯಿಲ್ಲದ ಬಯಲಿನಲ್ಲಿಯೂ ದೂರವನ್ನು ಇಮ್ಮಡಿಗೊಳಿಸಲು ವಾಟನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ. ಅಡೆತಡೆಯಿದ್ದರೆ ಎಷ್ಟು ವಾಟ್ ಸುರಿದರೂ ಪ್ರಯೋಜನವಿಲ್ಲ. ಶಿರಸಿಯ ಪೇಟೆಯಲ್ಲಿ ನಿಂತು 5 ವಾಟಿನ ಕೈಸೆಟ್ಟಿನಿಂದ, ನೇರ ಗೆರೆಯಲ್ಲಿ ಸುಮಾರು 80 ಕಿ.ಮೀ. ದೂರವಿರುವ ಕಾರವಾರವನ್ನು ಮುಟ್ಟುವುದು ಸಾಮಾನ್ಯವಾಗಿ ಆಗದ ಮಾತು, ಏಕೆಂದರೆ ನಡುವೆ ಘಟ್ಟವಿದೆ. ಅದೇ ಸೆಟ್ಟಿಗೆ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಾಗಿ ಆಂಟೆನಾ (ಅಲೆಯನ್ನು ಒಂದೇ ದಿಕ್ಕಿಗೆ ಕಳಿಸುವಂಥದ್ದು) ಜೋಡಿಸಿ ಆಕಾಶಕ್ಕೆ ಗುರಿಯಿಟ್ಟರೆ, ಸಾವಿರ ಕಿಲೋಮೀಟರ್ ಆಚೆ ಹಾರುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಬಂದ ಸಂಕೇತವನ್ನು ಮರಳಿ ಪ್ರಸಾರ ಮಾಡುವ ಯಂತ್ರ) ಅದನ್ನು ಕೇಳಿಸಿಕೊಳ್ಳುತ್ತದೆ. ರೇಡಿಯೊ ಅಲೆ ಎಷ್ಟು ದೂರ ಹೋದೀತು ಎಂಬುದನ್ನು ಅದಕ್ಕೆ ಸಿಗುವ ದಾರಿಯೇ ನಿರ್ಧರಿಸುತ್ತದೆ. ಆ ದಾರಿಗಳನ್ನು ಹುಡುಕುವುದರಲ್ಲಿಯೇ ಈ ಹವ್ಯಾಸದ ರುಚಿಯಿದೆ.

ಮೊದಲನೆಯ ದಾರಿ ಅಯಾನುಗೋಳ, ಅಂದರೆ ರೇಡಿಯೊ ಅಲೆಗಳನ್ನು ನೆಲಕ್ಕೆ ಮರಳಿಸಬಲ್ಲ, ಮೇಲಿನ ವಾತಾವರಣದ ಪದರ. 1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಮೋರ್ಸ್ ಸಂಕೇತವನ್ನು ಅಟ್ಲಾಂಟಿಕ್‌ನ ಆಚೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿಸಿಕೊಂಡುದಾಗಿ ಹೇಳಿದಾಗ, ದುಂಡಗಿನ ಭೂಮಿಯ ಬೆನ್ನನ್ನು ಅಲೆ ಹೇಗೆ ದಾಟಿತೆಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. (ಅಂದು ಅವರಿಗೆ ಕೇಳಿಸಿದ್ದು ಸಂಕೇತವೋ ಬರಿಯ ಗದ್ದಲವೋ ಎಂಬ ಚರ್ಚೆ ಇನ್ನೂ ನಿಂತಿಲ್ಲ.) ಮರುವರ್ಷ ಕೆನೆಲಿ ಮತ್ತು ಹೆವಿಸೈಡ್ ಪ್ರತ್ಯೇಕವಾಗಿ, ಮೇಲಿನ ವಾತಾವರಣದಲ್ಲಿ ವಿದ್ಯುತ್ ಹರಿಯಬಲ್ಲ ಪದರವೊಂದಿರಬೇಕೆಂದು ಊಹಿಸಿದರು, 1924ರಲ್ಲಿ ಆಪಲ್ಟನ್ ಅದನ್ನು ಪ್ರಯೋಗದಿಂದ ತೋರಿಸಿದರು, ಭಾರತದಲ್ಲಿ ಈ ಸಂಶೋಧನೆಯನ್ನು ಕಟ್ಟಿ ಬೆಳೆಸಿದವರು ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ. ಇವರ ನಡುವೆ ಹವ್ಯಾಸಿಗಳ ಪಾಲನ್ನು ಮರೆಯಬಾರದು. 200 ಮೀಟರಿಗಿಂತ ಕಡಿಮೆ ತರಂಗಾಂತರದ ಅಲೆಗಳು ಯಾವ ಕೆಲಸಕ್ಕೂ ಬಾರವೆಂದು ಬಗೆದು ಅಮೆರಿಕದ ಸರ್ಕಾರ 1912ರಲ್ಲಿ ಅವನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತ್ತು. 1923ರ ನವೆಂಬರಿನಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಹವ್ಯಾಸಿಗಳು ಸುಮಾರು 100 ಮೀಟರ್ ತರಂಗಾಂತರದಲ್ಲಿ ಅಟ್ಲಾಂಟಿಕ್ ದಾಟಿ ಎರಡೂ ಕಡೆಯಿಂದ ಸಂಭಾಷಿಸಿದಾಗ, ಕಸವೆಂದು ಬಿಸುಟದ್ದೇ ಬಂಗಾರವೆಂದು ತಿಳಿದುಬಂತು.

ಕಿರುತರಂಗದ ಅಲೆ 300 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಬಾಗಿ ನೆಲಕ್ಕೆ ಮರಳುವಾಗ ನಡುವಿನ ಊರುಗಳನ್ನು ಹಾರಿಸಿಬಿಡುತ್ತದೆ. ಆದುದರಿಂದ 14 ಮೆಗಾಹರ್ಟ್ಸ್‌ನಲ್ಲಿ ಕಾರವಾರದ ಹ್ಯಾಮ್ (ರೇಡಿಯೊ ಹವ್ಯಾಸಿ) ಇಟಲಿಯವರೊಡನೆ ಆರಾಮವಾಗಿ ಮಾತಾಡುತ್ತಿರುವಾಗ ಹುಬ್ಬಳ್ಳಿಯವರಿಗೆ ಅವರ ದನಿ ಕೇಳಿಸದಿರುವುದು ಸಹಜ. ಕಡಲ ದಡದವರಿಗೆ ಇಲ್ಲೊಂದು ಲಾಭವೂ ಉಂಟು. ಉಪ್ಪುನೀರು ಒಣನೆಲಕ್ಕಿಂತ ಸುಮಾರು ಸಾವಿರ ಪಟ್ಟು ಚೆನ್ನಾಗಿ ವಿದ್ಯುತ್ತನ್ನು ಹರಿಯಗೊಡುವುದರಿಂದ, ನೀರಂಚಿನಲ್ಲಿ ನೆಟ್ಟ ಲಂಬ ಆಂಟೆನಾದ ಅಲೆಗಳು ದಿಗಂತಕ್ಕೆ ತೀರ ಹತ್ತಿರದ ಕೋನದಲ್ಲಿಯೂ ಬಲವಾಗಿ ಹೊರಡುತ್ತವೆ. ಕೋನ ಕಿರಿದಾದಷ್ಟೂ ಒಂದೇ ನೆಗೆತದಲ್ಲಿ ದಾಟುವ ದೂರ ಹಿರಿದು.

ಆದರೆ ಈ ಕರಾವಳಿಯ ನಿಜವಾದ ವಿಶೇಷ ಇನ್ನೂ ಕೆಳಗೆ, ಸಮುದ್ರಕ್ಕೆ ಅಂಟಿಕೊಂಡಿರುವ ಗಾಳಿಯಲ್ಲಿದೆ. ಗಾಳಿಯ ವಕ್ರೀಭವನ ಸೂಚ್ಯಂಕ (ಅಲೆಯನ್ನು ಬಾಗಿಸುವ ಗುಣದ ಅಳತೆ) ನೆಲಮಟ್ಟದಲ್ಲಿ ಸುಮಾರು 1.0003. ಅದು ಮೇಲೆ ಹೋದಂತೆ ಪ್ರತಿ ಕಿಲೋಮೀಟರಿಗೆ ಹತ್ತು ಲಕ್ಷದಲ್ಲಿ 40 ಭಾಗದಷ್ಟು ಕಡಿಮೆಯಾಗುತ್ತದೆ. ಅಷ್ಟರಿಂದಲೇ ರೇಡಿಯೊ ಅಲೆ ತುಸು ಕೆಳಬಾಗಿ, ಕಣ್ಣಿಗೆ ಕಾಣುವ ದಿಗಂತಕ್ಕಿಂತ ಒಂದಿಷ್ಟು ಆಚೆಗೆ ತಲುಪುತ್ತದೆ. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಭೂಮಿಯ ತ್ರಿಜ್ಯ 6,371 ಕಿ.ಮೀ.; 1ನ್ನು 6,371ರಿಂದ ಭಾಗಿಸಿದರೆ ಹತ್ತು ಲಕ್ಷದಲ್ಲಿ 157 ಭಾಗ ಬರುತ್ತದೆ. ಸೂಚ್ಯಂಕದ ಇಳಿಕೆ ಕಿಲೋಮೀಟರಿಗೆ 40ರ ಬದಲು 157ನ್ನು ಮುಟ್ಟಿತೆಂದರೆ, ದಿಗಂತದತ್ತ ಹೊರಟ ಅಲೆ ಭೂಮಿ ಬಾಗಿದಷ್ಟೇ ಬಾಗುತ್ತದೆ. ಅದನ್ನೂ ಮೀರಿದರೆ ಅಲೆ ಕಡಲಿಗೇ ಮರಳಿ ಬಿದ್ದು, ಪುಟಿದು, ಮತ್ತೆ ಬಾಗಿ, ತೆಳುವಾದ ಗಾಳಿಪದರದೊಳಗೇ ಸೆರೆಯಾಗಿ ಮುಂದೆ ಸಾಗುತ್ತದೆ. ಅರಬ್ಬೀ ಸಮುದ್ರದ ಮೇಲೆ ಇಂತಹ ಇಳಿಕೆ ಅಪರೂಪವೇನಲ್ಲ. ಬೇಸಿಗೆಯಲ್ಲಿ ಅರೇಬಿಯದ ಮರುಭೂಮಿಯ ಕಡೆಯಿಂದ ಬರುವ ಬಿಸಿಯಾದ ಒಣಗಾಳಿ, ಕಡಲಿಗೆ ತಾಗಿ ತಂಪಾಗಿ ತೇವಗೊಂಡ ಗಾಳಿಯ ಮೇಲೆ ಹಾಸಿಕೊಳ್ಳುತ್ತದೆ. ಕೆಲವು ಹತ್ತು ಮೀಟರುಗಳಿಂದ ಒಂದೆರಡು ನೂರು ಮೀಟರುಗಳ ಎತ್ತರದೊಳಗೆ ತೇವಾಂಶ ಥಟ್ಟನೆ ಕುಸಿಯುತ್ತದೆ, ಉಷ್ಣತೆ ಕಡಿಮೆಯಾಗುವ ಬದಲು ಏರುತ್ತದೆ. ರೇಡಿಯೊ ಅಲೆಗಳನ್ನು ಬಾಗಿಸುವುದರಲ್ಲಿ ನೀರಾವಿಯ ಕೈ ದೊಡ್ಡದಾದುದರಿಂದ ಸೂಚ್ಯಂಕವೂ ಅದರೊಂದಿಗೆ ಕುಸಿಯುತ್ತದೆ.

ಶಿರಸಿ, ಸಿದ್ದಾಪುರದ ಕಡೆಯ ತೋಟಿಗರಿಗೆ ಇದನ್ನು ವಿವರಿಸುವುದು ಸುಲಭ. ಗುಡ್ಡದ ಅಬ್ಬಿಯ ನೀರನ್ನು ಹಾಗೆಯೇ ಬಿಟ್ಟರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಹರಡಿ ಇಂಗಿಹೋಗುತ್ತದೆ. ಸೀಳಿ ತಿರುಳು ತೆಗೆದ ಅಡಿಕೆ ಮರಗಳನ್ನು ಒಂದಕ್ಕೊಂದು ಜೋಡಿಸಿ ಹರಿಸಿದರೆ ಅದೇ ಸಣ್ಣ ಧಾರೆ ಅಂಗಳದವರೆಗೆ ಬರುತ್ತದೆ. ಎಲ್ಲ ದಿಕ್ಕಿಗೂ ಹರಡಬೇಕಾದ ಅಲೆ ಪದರದೊಳಗೆ ಸಿಕ್ಕಿದಾಗ ಮೇಲಕ್ಕೆ ಸೋರಲಾರದು. ಹಾಗಾಗಿ ಕೆಲವೇ ವಾಟುಗಳ ಸಂಕೇತ ನೂರಾರು ಕಿಲೋಮೀಟರ್ ದಾಟಿಯೂ ಉಳಿದಿರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದ 200 ಮೆಗಾಹರ್ಟ್ಸ್‌ನ ರಾಡಾರ್ ಬೇಸಿಗೆಯ ದಿನಗಳಲ್ಲಿ ಸಾವಿರ ಮೈಲಿಗೂ ಆಚೆಯ ಅರೇಬಿಯದ ತೀರವನ್ನು ತೋರಿಸುತ್ತಿತ್ತು. ಮುಂಗಾರು ಬಂದು ಗಾಳಿ ಕಲಕಿ ಒಂದಾದೊಡನೆ ಆ ನೋಟ ಅಳಿಸಿಹೋಗುತ್ತಿತ್ತು. 1957ರ ಜುಲೈಯಲ್ಲಿ ಕ್ಯಾಲಿಫೋರ್ನಿಯ ಮತ್ತು ಹವಾಯಿಯ ಇಬ್ಬರು ಹ್ಯಾಮ್‌ಗಳು 144 ಮೆಗಾಹರ್ಟ್ಸ್‌ನಲ್ಲಿ 4,000 ಕಿ.ಮೀ. ದಾಟಿ ಸಂಪರ್ಕ ಸಾಧಿಸಿದ್ದು ಪೆಸಿಫಿಕ್ ಸಾಗರದ ಮೇಲಿನ ಇಂತಹದೇ ಪದರದಿಂದ. ಕಾರವಾರದಿಂದ ಮಸ್ಕತ್ ಅದರ ಅರ್ಧದಷ್ಟೂ ದೂರವಿಲ್ಲ, ನಡುವೆ ಇರುವುದೆಲ್ಲ ಬಹುಮಟ್ಟಿಗೆ ನೀರೇ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೊಲ್ಲಿ ದೇಶಗಳ ಎಫ್‌ಎಂ ಕೇಂದ್ರಗಳು ಒಮ್ಮೊಮ್ಮೆ ಸ್ಪಷ್ಟವಾಗಿ ಕೇಳಿಸುವುದಕ್ಕೆ ಕಾರಣ ಇದೇ ಹೊರತು, ಅಮಾವಾಸ್ಯೆಯೂ ಅಲ್ಲ, ಯಾರದೋ ಗುಪ್ತ ಪ್ರಸಾರವೂ ಅಲ್ಲ. ಎತ್ತರದ ನಂಬಿಕೆ ತಲೆಕೆಳಗಾಗುವುದೂ ಇಲ್ಲಿಯೇ. ದೇವಿಮನೆ ಘಟ್ಟದ ನೆತ್ತಿಯಲ್ಲಿ ನಿಂತವರ ಆಂಟೆನಾ ಹಲವು ಸಲ ಈ ಪದರದಿಂದ ಮೇಲೆ ಉಳಿದುಬಿಡುತ್ತದೆ. ಕಾಳಿ ನದಿಯ ಅಳಿವೆಯ ಬಳಿ ಮರಳಿನ ಮೇಲೆ ಕುಳಿತವರ ಆಂಟೆನಾ ಪದರದೊಳಗಿರುತ್ತದೆ.

ಅಯಾನುಗೋಳ ಕಿರುತರಂಗಗಳನ್ನು ಹಿಂದಕ್ಕೆ ಕಳಿಸಿದರೂ 144 ಮತ್ತು 435 ಮೆಗಾಹರ್ಟ್ಸ್‌ನ ಅಲೆಗಳನ್ನು ಮೇಲಕ್ಕೆ ಬಿಟ್ಟುಕೊಡುವುದರಿಂದಲೇ ಹ್ಯಾಮ್ ಉಪಗ್ರಹಗಳು ಸಾಧ್ಯವಾದುವು. ಮೊದಲನೆಯದಾದ ಆಸ್ಕರ್-1 ಹಾರಿದ್ದು 1961ರ ಡಿಸೆಂಬರ್ 12ರಂದು, ಮಾರ್ಕೋನಿಯ ಪ್ರಯೋಗಕ್ಕೆ ಸರಿಯಾಗಿ ಅರವತ್ತು ವರ್ಷ ತುಂಬಿದ ದಿನ. ಇಸ್ರೋ 2005ರ ಮೇ 5ರಂದು ಹಾರಿಸಿದ 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್ 2014ರವರೆಗೆ ದೇಶವಿದೇಶಗಳ ಹವ್ಯಾಸಿಗಳಿಗೆ ಸೇವೆ ಸಲ್ಲಿಸಿತು. ಬಾಹ್ಯಾಕಾಶ ನಿಲ್ದಾಣದ ರಿಪೀಟರ್ 437.800 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. ನಿಲ್ದಾಣ ಸೆಕೆಂಡಿಗೆ 7.6 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಹತ್ತಿರ ಬರುವಾಗ ಅದನ್ನು 437.810ರಲ್ಲಿಯೂ, ದೂರ ಸರಿಯುವಾಗ 437.790ರಲ್ಲಿಯೂ ಹುಡುಕಬೇಕು. ಹತ್ತು ನಿಮಿಷದೊಳಗೆ ಆಂಟೆನಾವನ್ನು ತಿರುಗಿಸುತ್ತ, ಆವೃತ್ತಿಯನ್ನು ಇಳಿಸುತ್ತ, ಎದುರಿನವರ ಕರೆಸಂಕೇತವನ್ನು (ಪ್ರತಿ ಹ್ಯಾಮ್‌ಗೂ ಕೊಟ್ಟಿರುವ ಗುರುತಿನ ಅಕ್ಷರಗಳನ್ನು) ಬರೆದುಕೊಳ್ಳುವುದು ಮೂರು ಕೈಗಳಿದ್ದವರಿಗೆ ಹೇಳಿ ಮಾಡಿಸಿದ ಕೆಲಸ.

ಅವಸರವಿಲ್ಲದವರಿಗೆ 2018ರ ನವೆಂಬರಿನಲ್ಲಿ ಹಾರಿದ ಕತಾರಿನ ಉಪಗ್ರಹ ಕ್ಯೂಒ-100 ಇದೆ. ಇದು ಭೂಸ್ಥಿರ ಕಕ್ಷೆಯಲ್ಲಿರುವುದರಿಂದ ಕಾರವಾರದವರಿಗೆ ಸದಾ ಕಡಲ ಮೇಲೆಯೇ, ಪಶ್ಚಿಮದಿಂದ ತುಸು ದಕ್ಷಿಣಕ್ಕೆ, ಸುಮಾರು 33 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಬ್ರೆಜಿಲಿನಿಂದ ಥಾಯ್ಲೆಂಡಿನವರೆಗಿನ ಹ್ಯಾಮ್‌ಗಳು ಅದರ ಕಣ್ಣಳತೆಯೊಳಗಿದ್ದಾರೆ. ಸಾಮಾನ್ಯ ಟಿವಿ ಡಿಶ್ಶನ್ನು ಅತ್ತ ತಿರುಗಿಸಿ ತಕ್ಕ ರಿಸೀವರ್ ಜೋಡಿಸಿದರೆ ಅವರ ಮಾತು ಕೇಳಿಸಿಕೊಳ್ಳಬಹುದು.

ಪ್ರಸಾರ ಮಾಡುವುದಕ್ಕೆ ಮಾತ್ರ ಪರವಾನಗಿ ಬೇಕೇ ಬೇಕು. ನೌಕಾನೆಲೆಯೂ ಅಣುಸ್ಥಾವರವೂ ಇರುವ ತಾಲೂಕಿನಲ್ಲಿ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೈಸೆಟ್ಟು ತರಿಸಿ ಒತ್ತಿ ನೋಡುವುದು ಅವಿವೇಕ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಗೆ 12 ವರ್ಷ ತುಂಬಿದವರು ಕುಳಿತುಕೊಳ್ಳಬಹುದು; ಆರಂಭದ ದರ್ಜೆಯಲ್ಲಿ ತೇರ್ಗಡೆಯಾದವರಿಗೆ ವಿಯು3 ಎಂದೂ, ಮೋರ್ಸ್ ಸಹಿತ ಮೇಲಿನ ದರ್ಜೆಯವರಿಗೆ ವಿಯು2 ಎಂದೂ ಆರಂಭವಾಗುವ ಕರೆಸಂಕೇತ ಸಿಗುವುದು ರೂಢಿ.

ಜೂನ್ ಬಂತೆಂದರೆ ಕಡಲ ಮೇಲಿನ ಪದರ ಕದಡಿಹೋಗುತ್ತದೆ, ಕ್ಯೂಒ-100ರ 10 ಗಿಗಾಹರ್ಟ್ಸ್ ಸಂಕೇತವೂ ಜಡಿಮಳೆಯಲ್ಲಿ ಸೊರಗುತ್ತದೆ. ಆದರೆ 40 ಮೀಟರ್ ಉದ್ದದ 7 ಮೆಗಾಹರ್ಟ್ಸ್ ಅಲೆಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಗುಡುಗಿಲ್ಲದ ಆಷಾಢದ ಸಂಜೆಗಳಲ್ಲಿ, ಎರಡು ತೆಂಗಿನ ಮರಗಳ ನಡುವೆ ಕಟ್ಟಿದ 20 ಮೀಟರ್ ತಂತಿಯೊಂದಿದ್ದರೆ, ಘಟ್ಟದ ಮೇಲಿನವರೂ ಕೆಳಗಿನವರೂ ಮಾತುಕತೆ ಮುಂದುವರಿಸಬಹುದು.